ಬಲಗೈ ನನ್ನದು

ಪಿಟೀಲನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ಎಸ್ಟೇಟಿನ ಕ್ವಾರ್ಟರ್ಸಿಗೆ ಬಂದಾಗ ಅದು ನನಗಿಂತ ಮೊದಲೇ ಅಲ್ಲಿತ್ತು, ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲು ಹೊದ್ದು ಮಲಗಿತ್ತು. ನನ್ನ ಧಾರೆ ಸೀರೆಗಿಂತ ಆ ಬಟ್ಟೆ ನುಣುಪಾಗಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಇವರು, ಅಂದರೆ ನನ್ನ ಯಜಮಾನರು ದಯಾನಂದ, ಕಳಸದ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರಾಗಿದ್ದರು. ಹಗಲೆಲ್ಲ ಆಳುಗಳ ಹಿಂದೆ, ಗೊಬ್ಬರದ ಲಾರಿಯ ಹಿಂದೆ, ಕಣದಲ್ಲಿ ಒಣಗುವ ಪಾರ್ಚ್‌ಮೆಂಟ್ ಕಾಫಿಯ ಹಿಂದೆ ಓಡಾಡಿ, ಸಂಜೆ ಗಂಬೂಟು ಕಳಚಿದವರೇ ಪಿಟೀಲು ಹಿಡಿದು ಕೂರುತ್ತಿದ್ದರು. ಮದುವೆಗೆ ಮುಂಚೆ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಕೋಣೆಯ ಮೇಷ್ಟರೊಬ್ಬರಿಂದ ಕಲಿತದ್ದಂತೆ. ಕಛೇರಿ ಕೊಡುವಷ್ಟೇನೂ ಅಲ್ಲ. ಭಜನೆಯವರ ಹಿಂದೆ ಕೂತು ನುಡಿಸುವಷ್ಟು, ಭಾನುವಾರ ಮೂಡಿಗೆರೆಗೆ ಹೋಗಿ ಒಂದಿಷ್ಟು ಮಕ್ಕಳಿಗೆ ಪಾಠ ಹೇಳುವಷ್ಟು.

ಮನೆಯಲ್ಲಿ ನುಡಿಸುತ್ತಿದ್ದದ್ದು ಮಾತ್ರ ಬೇರೆ. ಅದು ಇವರೇ ಒಂದೇ ತಂತಿಯ ಮೇಲೆ ಕಟ್ಟಿದ ಒಂದು ಚಿಕ್ಕ ಮಟ್ಟು. ಅದಕ್ಕೆ ಹೆಸರಿಲ್ಲ, ಮಾತಿಲ್ಲ. ಮೊದಲರ್ಧ ನಾಲ್ಕು ನಾಲ್ಕರ ನಡೆಯಲ್ಲಿ ನಿಧಾನವಾಗಿ ಹೋಗುತ್ತಿತ್ತು. ಎರಡನೆಯ ಅರ್ಧ ಮೂರು ಮೂರರ ನಡೆಯಲ್ಲಿ ಓಡಿ, ಕೊನೆಗೆ ಒಂದು ಉದ್ದ ಸ್ವರಕ್ಕೆ ಬಂದು ನಿಲ್ಲುತ್ತಿತ್ತು. ಈ ನಾಲ್ಕು, ಮೂರೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದಿದ್ದು ಇಷ್ಟೇ, ಆ ಉದ್ದ ಸ್ವರ ಬಂದರೆ ಇನ್ನು ಅನ್ನ ಬಡಿಸಬಹುದು.

ಅಲ್ಲಿಯವರೆಗೆ ಕಾಯುತ್ತಿದ್ದೆ. ಇವರು ಉಣ್ಣದೆ ನಾನು ಉಂಡವಳಲ್ಲ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ನಮ್ಮಮ್ಮ ಮಾಡುತ್ತಿದ್ದಳು, ನಾನೂ ಮಾಡಿದೆ. ಬಾಗಿಲಿಗೆ ಒರಗಿ, ಹೊಟ್ಟೆ ಹಸಿದು, "ಸಾಕು ಮಾರಾಯ್ರೆ, ನಿಮ್ ಮೊದಲ್ನೇ ಹೆಂಡ್ತೀನ ಮಲಗ್ಸಿ" ಎಂದು ಗೊಣಗುತ್ತಿದ್ದೆ. ಇವರು ನಗುತ್ತಿದ್ದರೇ ಹೊರತು ನಿಲ್ಲಿಸುತ್ತಿರಲಿಲ್ಲ.

ಹೋದ ವರ್ಷ ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹತ್ತಿರ ನಿಂತಿದ್ದವರು ನಿಂತಲ್ಲೇ ಕುಸಿದರು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಟ್ಟರು. ಲಕ್ವ ಹೊಡೆದು ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಎಡಗೈ ಮಾತ್ರ ಎಂದಿನಂತೆ ಗಟ್ಟಿಮುಟ್ಟಾಗಿತ್ತು. ವಾರ್ಡಿನಲ್ಲಿ ನಾನು ಹತ್ತಿರ ಬಗ್ಗಿ, "ಏನ್ ಬೇಕ್ರೀ? ನೀರು ಬೇಕಾ?" ಎಂದೆ. ಇವರು ಬಾಯಿ ತೆರೆದು, ಬಹಳ ಕಷ್ಟಪಟ್ಟು, "ತಕಿಟ" ಎಂದರು.

ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಡಾಕ್ಟರು, "ಹಾಗಾಗುತ್ತಮ್ಮ. ಮಾತು ಹೋದ್ರೂ ಕೆಲವ್ರಿಗೆ ಬಾಯಿಪಾಠ ಮಾಡಿದ್ದು ಉಳಿಯುತ್ತೆ" ಎಂದರು. ಇವರಿಗೆ ಉಳಿದದ್ದು ಪಾಠ ಹೇಳುವಾಗ ಮಕ್ಕಳಿಂದ ಹೇಳಿಸುತ್ತಿದ್ದ ಲೆಕ್ಕದ ಮಾತುಗಳು, ನಾಲ್ಕಕ್ಕೆ ತಕಧಿಮಿ, ಮೂರಕ್ಕೆ ತಕಿಟ. ಹೆಂಡತಿಯ ಹೆಸರು ಅರುಣಾ ಎಂಬುದು ಉಳಿಯಲಿಲ್ಲ, ಮಗ ಲಿಖಿತನ ಹೆಸರೂ ಉಳಿಯಲಿಲ್ಲ. ಆಮೇಲಿಂದ ನೀರು ಬೇಕೆಂದರೂ ತಕಿಟ, ನಾನು ಬೇಕೆಂದರೂ ತಕಿಟ. ಸಿಟ್ಟು ಬಂದರೆ ತಕಧಿಮಿ.

ಕ್ವಾರ್ಟರ್ಸ್ ಬಿಡಬೇಕಾಯಿತು. ಮೂಡಿಗೆರೆಯಲ್ಲಿ ರಜಬ್ ಅಲಿ ಸಾಬರ ಜೀಪ್ ಗ್ಯಾರೇಜಿನ ಮೇಲೆ ಎರಡು ಕೋಣೆ ಖಾಲಿ ಇದ್ದವು. ಎಸ್ಟೇಟಿನ ಜೀಪುಗಳೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದರಿಂದ ಇವರಿಗೂ ಅವರಿಗೂ ಹಳೆಯ ಸ್ನೇಹ. "ರೈಟ್ರು ಬೇರೆ ಕಡೆ ಹೋದ್ರೆ ನಂಗೆ ಬೇಜಾರಾಗುತ್ತೆ" ಎಂದು ತಾವೇ ಜೀಪು ತಂದು ಸಾಮಾನು ಹೇರಿಸಿದರು. ಅವರ ಹೆಂಡತಿ ಶಹರ್ ಬಾನು ಮೊದಲ ದಿನದ ಊಟ ಕಳಿಸಿಕೊಟ್ಟರು. ಲಿಖಿತ್ ಚಿಕ್ಕಮಗಳೂರಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ, ಭಾನುವಾರ ಬಂದು ಅಪ್ಪನ ಗಡ್ಡ ಮಾಡಿ ಹೋಗುತ್ತಿದ್ದ. ನಾನು ಎಸ್ಟೇಟಿನ ಹತ್ತಿರದ ಶಾಲೆಯಲ್ಲಿ ಮಾಡುತ್ತಿದ್ದ ಬಿಸಿಯೂಟದ ಅಡುಗೆ ಕೆಲಸ ಬಿಟ್ಟು ಇವರನ್ನು ಎಬ್ಬಿಸುವುದು, ಕೂರಿಸುವುದು ಕಲಿತೆ.

ಕೂತರೆ ಇವರ ಕಣ್ಣು ಪಿಟೀಲಿನ ಪೆಟ್ಟಿಗೆಯ ಮೇಲೆ. ನೋಡಲಿ ಎಂದು ತೆಗೆದುಕೊಟ್ಟೆ. ಎಡಗೈಯಿಂದ ಎದೆಗೆ ಒತ್ತಿಕೊಂಡು ಬೆರಳುಗಳನ್ನು ತಂತಿಯ ಮೇಲೆ ಓಡಿಸಿದರು. ಬೆರಳು ಬಿದ್ದ ಟಪ್ ಟಪ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಮಾನು ಎಳೆಯದೆ ಪಿಟೀಲು ಎಲ್ಲಿ ಕೂಗುತ್ತದೆ? ಬಿದ್ದ ಬಲಗೈಯನ್ನು ಒಮ್ಮೆ ನೋಡಿಕೊಂಡರು. ನಾನು ಮುಖ ತಿರುಗಿಸಿಕೊಂಡು ಅಡುಗೆ ಕೋಣೆಗೆ ಹೋದೆ, ಅದನ್ನು ನೋಡಲು ನನ್ನಿಂದಾಗಲಿಲ್ಲ.

"ತಕಿಟ" ಎಂದು ಕರೆದರು. ಬಂದೆ. ನನ್ನ ಬಲಗೈ ಹಿಡಿದೆಳೆದು, ಬೆರಳು ಬಿಡಿಸಿ, ಅದರೊಳಗೆ ಕಮಾನು ಇಟ್ಟರು.

"ಎಂಥದ್ರೀ ಇದು? ನಂಗೆ ಇದೆಲ್ಲ ಬರಲ್ಲ!"

"ತಕಧಿಮಿ" ಎಂದು ಗದರಿದರು.

ಹೀಗೆ ನನ್ನ ಪಾಠ ಶುರುವಾಯಿತು. ಬೆರಳು ಇವರದು, ಕಮಾನು ನನ್ನದು. ಇವರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂರುವುದು, ನಾನು ಬಲಗಡೆ ಭುಜಕ್ಕೆ ಭುಜ ತಾಗಿಸಿ ಕೂರುವುದು. ಪಿಟೀಲಿನ ಒಂದು ತುದಿ ಇವರ ಎದೆಗೆ, ಇನ್ನೊಂದು ತುದಿ ಮಡಿಸಿದ ಬಲಪಾದದ ಮೇಲೆ. ಪಾದ ಜಾರದಂತೆ ರಜಬ್ ಅಲಿ ಸಾಬರು ಹಳೆಯ ಜೀಪಿನ ಸೀಟಿನ ಸ್ಪಂಜು ಕತ್ತರಿಸಿ ಆಸರೆ ಮಾಡಿಕೊಟ್ಟರು. ಯಾವ ಕೆಲಸಕ್ಕೂ ಬಾರದೆ ಹೋಗಿದ್ದ ಆ ಕಾಲು ಪಿಟೀಲು ಹಿಡಿಯುವುದಕ್ಕೆ ಮಾತ್ರ ಬಂತು. ಬಿದ್ದ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಅದು ಜೋತು ಬಿದ್ದು ಇವರನ್ನು ಒಂದು ಕಡೆಗೆ ವಾಲಿಸುತ್ತಿತ್ತು. ಸುಸ್ತಾದಾಗ ಹೇಗೂ ನನ್ನ ಮೇಲೆ ವಾಲುತ್ತಿದ್ದರು, ನನಗೆ ಆ ಭಾರ ರೂಢಿಯಾಯಿತು.

ಕಮಾನನ್ನು ನಾನು ಮೊದಲು ಸಾರಿನ ಸೌಟು ಹಿಡಿದಂತೆ ಹಿಡಿದೆ. ಎಳೆದರೆ ಬಂದ ಸದ್ದಿಗೆ ಕೆಳಗೆ ಗ್ಯಾರೇಜಿನಲ್ಲಿ ಸುತ್ತಿಗೆ ಬಡಿತವೇ ನಿಂತುಹೋಯಿತು. ಸಾಬರು ಮೆಟ್ಟಿಲ ಕೆಳಗಿನಿಂದ, "ಅಕ್ಕಾ, ಏನ್ ಬಿತ್ತು?" ಎಂದು ಕೂಗಿದರು. "ನನ್ ಮಾನ ಬಿತ್ತು ಸಾಬ್ರೇ" ಎಂದೆ. ಇವರು ಎಡಗೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಸಿದು ಬಿದ್ದ ಮೇಲೆ ಇವರು ನಕ್ಕದ್ದು ಅದೇ ಮೊದಲು.

ಬೆರಳಿಡದ ತಂತಿಯ ಮೇಲೆ ಬರೀ ಕಮಾನು ಎಳೆಯುವುದು ಮೊದಲ ಪಾಠ. ಪೂರ್ತಿ ಕಮಾನನ್ನು ನಾಲ್ಕು ಎಣಿಕೆಗೆ ಒಂದು ಸಲ ಎಳೆ, ನಾಲ್ಕು ಎಣಿಕೆಗೆ ಒಂದು ಸಲ ನೂಕು. ಆಮೇಲೆ ಎರಡೆರಡು ಎಣಿಕೆಗೆ. ಆಮೇಲೆ ಎಣಿಕೆಗೊಂದು, ಕಮಾನಿನ ನಡುವಿನ ಒಂದಿಷ್ಟೇ ಜಾಗದಲ್ಲಿ. ಇವರು ನನ್ನ ಮಂಡಿಯ ಮೇಲೆ ತಾಳ ತಟ್ಟುತ್ತಾ ತಕಧಿಮಿ, ತಕಧಿಮಿ ಎನ್ನುತ್ತಿದ್ದರು. ತಪ್ಪಿದರೆ ಅದೇ ಕೈಯಿಂದ ಏಟು. ಈ ಮನುಷ್ಯ ಬದುಕಿನಲ್ಲಿ ನನ್ನ ಮೇಲೆ ಕೈ ಎತ್ತಿದವರಲ್ಲ, ಪಿಟೀಲಿನ ನೆಪದಲ್ಲಿ ಎಲ್ಲವನ್ನೂ ತೀರಿಸಿಕೊಂಡರು.

ಕಷ್ಟವಾದದ್ದು ತಕಿಟ. ನಾಲ್ಕಾದರೆ ಪ್ರತಿ ಸಲವೂ ಎಳೆತದಿಂದಲೇ ಶುರು, ಕೈಗೆ ಗೊಂದಲವಿಲ್ಲ. ಮೂರರಲ್ಲಿ ಒಂದು ಸಲ ಎಳೆತದಿಂದ ಶುರುವಾದರೆ ಮುಂದಿನ ಸಲ ನೂಕುವುದರಿಂದ ಶುರು, ಅದರ ಮುಂದಿನ ಸಲ ಮತ್ತೆ ಎಳೆತ. ನನ್ನ ಕೈ ಪ್ರತಿ ಸಲ ಎಳೆತಕ್ಕೇ ಓಡುತ್ತಿತ್ತು. ತರಕಾರಿ ಹೆಚ್ಚುವಾಗ, ಬಟ್ಟೆ ಒಗೆಯುವಾಗ, ಅಂಗಡಿಗೆ ಹೋಗುವ ದಾರಿಯಲ್ಲಿ ತಕಿಟ ತಕಿಟ ಎಂದುಕೊಂಡೇ ಇದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುವ ನಂಜಮ್ಮ, "ಯಾರ್ ಜೊತೆ ಮಾತಾಡ್ತಿದೀರಿ?" ಎಂದು ಕೇಳಿದಳು. "ಗಂಡನ ಜೊತೆ" ಎಂದೆ. ಸುಳ್ಳೇನಲ್ಲವಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಮಾನು ಸುಮಾರು ಹದಕ್ಕೆ ಬಂತು. ಅಷ್ಟರಲ್ಲಿ ಇವರಿಗೆ ಬೇಕಾಗಿದ್ದದ್ದು ಏನೆಂದೂ ನನಗೆ ಅರ್ಥವಾಗಿತ್ತು. ಬೇರೆ ಯಾವ ಪಾಠವೂ ಅಲ್ಲ, ಆ ಮಟ್ಟು. ಒಂದು ಸಲ, ತುದಿಯಿಂದ ತುದಿಗೆ. ದಿನವೂ ಮಧ್ಯಾಹ್ನ ನಾವು ಕೂರುವ ಹೊತ್ತಿಗೆ ಸಾಬರು ತಗಡು ಬಡಿಯುವ ಕೆಲಸ ನಿಲ್ಲಿಸಿ, ಸದ್ದಿಲ್ಲದ ಸ್ಪ್ಯಾನರ್ ಕೆಲಸ ಇಟ್ಟುಕೊಳ್ಳುತ್ತಿದ್ದರು. ಲಿಖಿತ್, "ಅಮ್ಮ, ಫೋನಲ್ಲಿ ರೆಕಾರ್ಡ್ ಮಾಡಿ ಕಳ್ಸು" ಎನ್ನುತ್ತಿದ್ದ. "ಪೂರ್ತಿ ಬರ್ಲಿ ತಡಿ, ಈಗ್ಲೇ ಯಾಕೆ ಊರಿಗೆಲ್ಲ ನಗೆಪಾಟಲು" ಎನ್ನುತ್ತಿದ್ದೆ.

ಪೂರ್ತಿ ಬರುತ್ತಿರಲಿಲ್ಲ. ತಪ್ಪು ನನ್ನ ಕೈಯದಲ್ಲ, ಕಣ್ಣಿನದು. ಇವರ ಬೆರಳು ಯಾವಾಗ ಬೀಳುತ್ತದೆ ಎಂದು ನೋಡಿ ಆಮೇಲೆ ಕಮಾನು ಎಳೆಯುತ್ತಿದ್ದೆ. ನಾನು ಎಳೆಯಲಿ ಎಂದು ಇವರು ಕಾಯುತ್ತಿದ್ದರು, ಇವರು ಬೆರಳಿಡಲಿ ಎಂದು ನಾನು ಕಾಯುತ್ತಿದ್ದೆ. ನಡುವೆ ಪಿಟೀಲು ಸುಮ್ಮನೆ ಬಿದ್ದಿರುತ್ತಿತ್ತು. ಮೊದಲರ್ಧ ಹೇಗೋ ತೆವಳುತ್ತಿತ್ತು. ಮೂರರ ನಡೆ ಬಂದ ಕೂಡಲೇ ಮುಗ್ಗರಿಸುತ್ತಿದ್ದೆವು.

ಒಂದು ದಿನ ಹಾಗೆ ನಿಂತಾಗ ಇವರು ನನ್ನ ಮಂಡಿಗೆ ಜೋರಾಗಿ ಬಡಿದು, "ತಕಧಿಮಿ! ತಕಧಿಮಿ!" ಎಂದು ಕಿರುಚಿದರು. ಬಾಯಿಂದ ಎಂಜಲು ಸುರಿಯಿತು. ನನಗೂ ತಲೆ ಕೆಟ್ಟಿತು. ಕಮಾನನ್ನು ಚಾಪೆಯ ಮೇಲೆ ಎಸೆದು ಎದ್ದೆ.

"ನಿಮ್ ಕೈ ಏನ್ ಮಾಡುತ್ತೆ ಅಂತ ನೋಡ್ದೆ ನಾನ್ ಹೆಂಗೆ ಎಳೀಲಿ? ಇಷ್ಟು ವರ್ಷ ನೀವ್ ಬರೋ ತಂಕ ಕಾದಿದ್ದೇ ಕಾದಿದ್ದು. ಈಗ ಕಾದ್ರೂ ತಪ್ಪಾ? ಯಾರಾದ್ರೂ ಹುಡುಗ್ರನ್ನ ಕರ್ಕೊಂಡ್ ಬರ್ತೀನಿ, ಅವ್ರ್ ಹತ್ರ ಎಳಿಸ್ಕೊಳ್ಳಿ!"

ಕೆಲವು ದಿನ ಹತ್ತಿರ ಹೋಗಲಿಲ್ಲ. ಊಟ, ಸ್ನಾನ, ಔಷಧಿ ಎಲ್ಲ ಮಾಡಿಸಿದೆ, ಪಿಟೀಲು ಮುಟ್ಟಲಿಲ್ಲ. ಇವರೂ ಕರೆಯಲಿಲ್ಲ. ಮಧ್ಯಾಹ್ನ ಮಾತ್ರ ಪಿಟೀಲನ್ನು ಹೇಗೋ ಎಳೆದುಕೊಂಡು, ಎದೆಗೊತ್ತಿಕೊಂಡು, ಬರೀ ಬೆರಳು ಆಡಿಸುತ್ತಿದ್ದರು. ಅಡುಗೆ ಕೋಣೆಯಲ್ಲಿ ಕೂತು ಆ ಟಪ್ ಟಪ್ ಕೇಳುತ್ತಿದ್ದೆ. ಯಾವುದು ಯಾವ ಸಾಲು ಎಂದು ನನಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಕೊನೆಯ ಉದ್ದ ಸ್ವರದ ಜಾಗದಲ್ಲಿ ಒಂದು ಬೆರಳು ಬಿದ್ದು ಸದ್ದಿಲ್ಲದೆ ನಿಲ್ಲುತ್ತಿತ್ತು. ಆಗ ನನಗೆ ಎದ್ದು ಅನ್ನ ಬಡಿಸಬೇಕು ಅನ್ನಿಸುತ್ತಿತ್ತು. ತಟ್ಟೆ ಹಿಡಿದುಕೊಂಡು ಅಲ್ಲೇ ಅತ್ತೆ.

ಕೊನೆಗೆ ನಾನೇ ಹೋಗಿ ಪಕ್ಕದಲ್ಲಿ ಕೂತು ಕಮಾನು ತೆಗೆದುಕೊಂಡೆ. ಇವರು ನನ್ನ ಕಡೆ ತಿರುಗಿ ನೋಡಿದರು. ಬೈಯಲಿಲ್ಲ. ಎಡಗೈ ಎತ್ತಿ ಅಂಗೈಯನ್ನು ನನ್ನ ಎರಡೂ ಕಣ್ಣಿನ ಮೇಲೆ ಮುಚ್ಚಿದರು. ಹಾಗೆಯೇ ಹಿಡಿದುಕೊಂಡು ಬಹಳ ಮೆತ್ತಗೆ, "ತಕಿಟ, ತಕಿಟ, ತಕಿಟ" ಎಂದರು. ನೋಡಬೇಡ, ಕಾಯಬೇಡ, ನೀನು ನಡೆ, ನಾನು ಹಿಂದೆ ಬರುತ್ತೇನೆ ಎಂದು. ಮಾತು ಇದ್ದಾಗಲೂ ಇವರು ನನಗೆ ಇಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ.

ಅವತ್ತಿನಿಂದ ಕಣ್ಣು ಮುಚ್ಚಿಕೊಂಡು ನುಡಿಸಿದೆ. ಮೊದಮೊದಲು ಕತ್ತಲಲ್ಲಿ ಮೆಟ್ಟಿಲಿಳಿದಂತೆ ಹೆದರಿಕೆಯಾಗುತ್ತಿತ್ತು. ಬೆರಳು ಬೀಳದ ಜಾಗದಲ್ಲಿ ಕಮಾನು ಹೋದರೆ ತಂತಿ ಬೋಳಾಗಿ ಕೂಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ನಿಲ್ಲಿಸದೇ ಹೋದರೆ ಮುಂದಿನ ಸ್ವರಕ್ಕೆ ಇವರ ಬೆರಳು ಓಡಿ ಬಂದು ಸೇರಿಕೊಳ್ಳುತ್ತಿತ್ತು. ಒಂದೊಂದು ಸಲ ಇವರು ಬೇಕೆಂದೇ ಬೆರಳೆತ್ತಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದರು. ತಂತಿ ಬೋಳಾದಾಗ ನಾನು ಕಣ್ಣು ಬಿಟ್ಟರೆ ಮಂಡಿಗೆ ಏಟು, ಬಿಡದೆ ಲೆಕ್ಕ ಹಿಡಿದು ನಡೆದರೆ ಪಕ್ಕದಲ್ಲಿ ಸಣ್ಣಗೆ ಗಂಟಲಲ್ಲೇ ನಗು. ಆ ನಗುವಿಗಾಗಿಯೇ ನಾನು ಕಣ್ಣು ಗಟ್ಟಿಯಾಗಿ ಮುಚ್ಚುವುದು ಕಲಿತೆ. ಹಣ್ಣು ಕುಯ್ಯುವ ಕಾಲ ಮತ್ತೆ ಬಂದು ಹೋಗುವಷ್ಟರಲ್ಲಿ ಮೊದಲರ್ಧ ಸಲೀಸಾಯಿತು. ಮೂರರ ನಡೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವಂತಾಯಿತು.

ಅವತ್ತು ಕಾಫಿ ಅರಳಿಸುವ ಹೂ ಮಳೆ ಬಿದ್ದು ಸ್ವಲ್ಪ ದಿನವಾಗಿತ್ತು. ಪೇಟೆಯ ಆಚೆಯ ತೋಟಗಳೆಲ್ಲ ಅರಳಿ, ಗ್ಯಾರೇಜಿನ ಡೀಸೆಲ್ ವಾಸನೆಯನ್ನೂ ಮೀರಿ ಕಾಫಿ ಹೂವಿನ ಘಮ ಕಿಟಕಿಯಿಂದ ಬರುತ್ತಿತ್ತು. ಇವರು ಬೆಳಿಗ್ಗೆಯಿಂದ ಗೆಲುವಾಗಿದ್ದರು. ಊಟಕ್ಕೆ ಮುಂಚೆಯೇ ಪೆಟ್ಟಿಗೆ ತೋರಿಸಿ, "ತಕಿಟ" ಎಂದರು. "ಉಂಡ್ಮೇಲೆ ನುಡಿಸಾಣ" ಎಂದೆ. ಬೇಡವೆಂದು ತಲೆ ಅಲ್ಲಾಡಿಸಿದರು. ಅನ್ನ ಮುಚ್ಚಿಟ್ಟು ಬಂದು ಕೂತೆ. ಬಿದ್ದ ಕೈಯನ್ನು ಮಡಿಲಿಗೆ ತೆಗೆದುಕೊಂಡೆ, ಕಣ್ಣು ಮುಚ್ಚಿದೆ.

ಮೊದಲರ್ಧ ಹೇಗೆ ಹೋಯಿತೋ ತಿಳಿಯಲಿಲ್ಲ, ಅಷ್ಟು ಹಗುರವಾಗಿ ಹೋಯಿತು. ಮೂರರ ನಡೆ ಶುರುವಾಯಿತು. ಎಳೆ, ನೂಕು, ಎಳೆ. ನೂಕು, ಎಳೆ, ನೂಕು. ನನ್ನ ಕೈ ತಪ್ಪಲಿಲ್ಲ! ಇವರ ಬೆರಳು ನನ್ನ ಕಮಾನಿನ ಜೊತೆ ಜೊತೆಗೇ ಬರುತ್ತಿತ್ತು, ಹಿಂದೆಯೂ ಅಲ್ಲ ಮುಂದೆಯೂ ಅಲ್ಲ. ಎಷ್ಟೋ ಸಂಜೆ ಬಾಗಿಲಿಗೆ ಒರಗಿ, ಹಸಿದು, ಗೊಣಗಿಕೊಂಡು ಕೇಳಿದ ಆ ಮಟ್ಟು ನನ್ನ ಕೈಯಿಂದಲೇ ಬರುತ್ತಿತ್ತು. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಇದನ್ನು ಹೇಳಲು ಈಗ ಹೆದರಿಕೆಯಾಗುತ್ತದೆ, ಆದರೂ ನಿಜ.

ಆಮೇಲೆ ಒಂದು ಸ್ವರ ನಿಂತಿತು. ಕೊನೆಯ ಉದ್ದ ಸ್ವರಕ್ಕೆ ಇನ್ನೂ ಎರಡು ಸಾಲು ಬಾಕಿ ಇದ್ದವು. ಬೆರಳು ಒಂದೇ ಜಾಗದಲ್ಲಿ ಉಳಿಯಿತು, ನಾನು ಅದರ ಮೇಲೆಯೇ ತಕಿಟ ತಕಿಟ ಎಂದು ಕಮಾನು ನಡೆಸಿದೆ. ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮಾಡಿ, ಎಷ್ಟು ಬೇಕಾದರೂ ಮಾಡಿ, ಇವತ್ತು ನಾನು ನಿಲ್ಲಿಸುವವಳಲ್ಲ. ಬೆರಳು ಎದ್ದಿತು, ತಂತಿ ಬೋಳಾಗಿ ಕೂಗಿತು. ಅದಕ್ಕೂ ಕಣ್ಣು ಬಿಡಲಿಲ್ಲ. ಇವರು ನನ್ನ ಮೇಲೆ ವಾಲಿದರು, ಸುಸ್ತಾದಾಗ ವಾಲುವಂತೆಯೇ. ನಾನು ಭುಜ ಗಟ್ಟಿ ಮಾಡಿಕೊಂಡು ಭಾರ ಹೊತ್ತೆ. ಗಂಟಲೊಳಗೆ ಸಣ್ಣ ಸದ್ದೊಂದು ಬಂತು. ನಕ್ಕರು ಎಂದುಕೊಂಡೆ. ನನ್ನ ಮುಖದಲ್ಲೂ ನಗು ಇತ್ತು.

"ಅಕ್ಕಾ" ಎಂದು ಬಾಗಿಲಲ್ಲಿ ಶಹರ್ ಬಾನು ಅವರ ದನಿ ಕೇಳಿತು. "ಇವತ್ತು ಬಾಳ ಚೆನ್ನಾಗಿ ಬಂತಲ್ಲ ಅಕ್ಕಾ, ಕೆಳಗೆ ನಮ್ಮನೇವ್ರೂ..." ಎನ್ನುತ್ತಾ ಒಳಗೆ ಬಂದರು.

ನಾನು ಕಮಾನು ಎಳೆಯುತ್ತಲೇ ಇದ್ದೆ.

"ಅಕ್ಕಾ" ಎಂದರು ಮತ್ತೆ. "ನಿಲ್ಸಿ."

ಕಣ್ಣು ಬಿಟ್ಟೆ. ಇವರ ತಲೆ ನನ್ನ ಹೆಗಲ ಮೇಲೆ ಬಿದ್ದಿತ್ತು. ಪಿಟೀಲು ಮಾತ್ರ ಎದೆಗೂ ಪಾದಕ್ಕೂ ನಡುವೆ ಅಲುಗದೆ ನಿಂತಿತ್ತು. ಎಡಗೈ ಕೆಳಗೆ ಜಾರಿ, ನನ್ನ ಮಡಿಲಲ್ಲಿದ್ದ ಬಲಗೈಯ ಪಕ್ಕದಲ್ಲೇ ಅಂಗಾತ ಬಿದ್ದಿತ್ತು. ನೋಡಿದರೆ ಎರಡೂ ಒಂದೇ ಥರ ಇದ್ದವು.

ಎರಡನೆಯ ಸಲದ ಲಕ್ವ, ಇನ್ನೂ ಜೋರಿನದು ಎಂದರು ಡಾಕ್ಟರು. ನೀವು ಆಗಲೇ ನೋಡಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಲಿಖಿತ್ ಅದನ್ನೇ ಎಷ್ಟೋ ಸಲ ಹೇಳಿದ. ಬಂದವರೆಲ್ಲ, "ಪುಣ್ಯವಂತ್ರು, ಸಂಗೀತ ಕೇಳ್ತಾ ಹೋದ್ರು" ಎಂದರು. ಕೇಳುತ್ತಾ ಅಲ್ಲ, ನುಡಿಸುತ್ತಾ ಎಂದು ಕೂಗಬೇಕೆನಿಸಿತು. ನನ್ನ ಸಂಕಟ ಅದಲ್ಲ. ಇವರು ಬರಲಿ, ಉಣ್ಣಲಿ, ಮುಗಿಸಲಿ ಎಂದು ಬದುಕಿಡೀ ಕಾದವಳು ನಾನು. ಆ ಒಂದು ಗಳಿಗೆ ಕಾಯಬೇಕಿತ್ತು. ಒಂದು ಸಲ ಕಮಾನು ನಿಲ್ಲಿಸಿ, ತಿರುಗಿ, ಇವರ ಮುಖ ನೋಡಬೇಕಿತ್ತು. ಉಳಿಸಿಕೊಳ್ಳುವುದಕ್ಕಲ್ಲ. ಹೋಗುವಾಗ ಪಕ್ಕದಲ್ಲೇ ಇದ್ದವಳು ಒಮ್ಮೆ ನೋಡಿದಳು ಎಂದು ಇವರಿಗೆ ಗೊತ್ತಾಗಲಿ ಎಂದು. ಕಾಯಬೇಡ ಎಂದು ಕಲಿಸಿದವರೂ ಇವರೇ, ಯಾರ ಮೇಲೆ ಸಿಟ್ಟು ಮಾಡಲಿ?

ತಿಥಿ ಮುಗಿದ ಮೇಲೆ ಲಿಖಿತ್, "ಅಮ್ಮ, ಇಲ್ಲೇ ಪೇಟೇಲಿ ಕ್ಲಾಸ್ ಇದೆ. ಎಡಗೈನೂ ಕಲಿ. ಅಪ್ಪಂದು ಪೂರ್ತಿ ನೀನೇ ನುಡಿಸ್ಬೋದು" ಎಂದ. ಅವನ ಮನಸ್ಸು ಒಳ್ಳೆಯದು. ಬೇಡ ಎಂದೆ. ಎಡಗೈ ನನ್ನದಲ್ಲ. ಆ ಸ್ವರಗಳು ಯಾವುವು, ಬೆರಳು ಎಲ್ಲೆಲ್ಲಿ ಬೀಳುತ್ತಿತ್ತು ಎಂದು ಕೇಳಿದರೆ ನಾನು ಹೇಳಲಾರೆ, ಗುನುಗಲು ಹೋದರೆ ದಾರಿ ತಪ್ಪುತ್ತದೆ. ನೋಡುತ್ತಿದ್ದಾಗ ಬೆರಳು ಯಾವಾಗ ಬೀಳುತ್ತದೆ ಎಂದಷ್ಟೇ ನೋಡಿ, ಆಮೇಲೆ ಕಣ್ಣೇ ಮುಚ್ಚಿದವಳಿಗೆ ಹೇಗೆ ಗೊತ್ತಾಗಬೇಕು? ರೆಕಾರ್ಡೂ ಇಲ್ಲ. ಆ ಮಟ್ಟು ಇವರ ಬೆರಳಿನಲ್ಲಿತ್ತು, ಬೆರಳಿನ ಜೊತೆಗೇ ಹೋಯಿತು. ನನ್ನ ಹತ್ತಿರ ಉಳಿದದ್ದು ಅದರ ನಡೆ ಮಾತ್ರ.

ಮಧ್ಯಾಹ್ನ ಗ್ಯಾರೇಜಿನಲ್ಲಿ ಈಗಲೂ ಆ ಹೊತ್ತಿಗೆ ಸುತ್ತಿಗೆ ಬಡಿತ ನಿಲ್ಲುತ್ತದೆ. ನಾನು ಹೇಳಿಲ್ಲ, ಸಾಬರೂ ಕೇಳಿಲ್ಲ. ಸವತಿಯನ್ನು ಪೆಟ್ಟಿಗೆಯಿಂದ ತೆಗೆದು, ಒಂದು ತುದಿಯನ್ನು ನನ್ನ ಎದೆಗೆ ಇಟ್ಟು, ಇನ್ನೊಂದು ತುದಿಗೆ ಜೀಪಿನ ಸ್ಪಂಜು ಕೊಟ್ಟು, ಬೋಳು ತಂತಿಯ ಮೇಲೆ ಕಮಾನು ಎಳೆಯುತ್ತೇನೆ. ಮೊದಲರ್ಧ ನಾಲ್ಕು ನಾಲ್ಕರಲ್ಲಿ, ಆಮೇಲೆ ಮೂರು ಮೂರರಲ್ಲಿ. ಅವತ್ತು ಬಾಕಿ ಉಳಿದ ಎರಡು ಸಾಲನ್ನೂ ಮುಗಿಸಿ, ಕೊನೆಗೆ ಪೂರ್ತಿ ಕಮಾನಿನ ಒಂದು ಉದ್ದ ಎಳೆತ. ಆಮೇಲೆ ಎದ್ದು ಒಂದೇ ತಟ್ಟೆಗೆ ಅನ್ನ ಬಡಿಸಿಕೊಳ್ಳುತ್ತೇನೆ.

ಕೈ ಈಗ ತಪ್ಪುವುದಿಲ್ಲ. ಕಣ್ಣು ಮಾತ್ರ ಮುಚ್ಚುವುದಿಲ್ಲ.